ಒತ್ತಕ್ಷರಕ್ಕೆ ಒಗ್ಗುವ ಪೆನ್ನು

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಾಗಲಿ ಶಿವರಾಂಪೇಟೆಯಲ್ಲಾಗಲಿ, ಪೆನ್ನು ಕೊಳ್ಳಲು ಅಂಗಡಿಗೆ ಬಂದವರು ಅದನ್ನು ಪರೀಕ್ಷಿಸುವ ಕ್ರಮ ಬಹುಮಟ್ಟಿಗೆ ಒಂದೇ. ಅಂಗಡಿಯವರು ಮುಂದಿಟ್ಟ ಚೀಟಿಯ ಮೇಲೆ ನಾಲ್ಕು ಸುರುಳಿ ಗೀಚಿ, ಒಮ್ಮೆ ಸಹಿ ಹಾಕಿ, ‘ಇದನ್ನೇ ಕೊಡಿ’ ಎನ್ನುತ್ತಾರೆ. ಇಂಕು ಇಳಿಯುತ್ತಿದೆ ಎಂಬುದೊಂದನ್ನು ಬಿಟ್ಟರೆ ಇದರಿಂದ ಬೇರೇನೂ ತಿಳಿಯುವುದಿಲ್ಲ. ಸಹಿ ಎಂಬುದು ಯಾವ ಪೆನ್ನು ಕೊಟ್ಟರೂ ಕೈ ಒಂದೇ ಓಟದಲ್ಲಿ ಮುಗಿಸಿಬಿಡುವ ಕೆಲಸ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಬೆರಳು ನೋಯುತ್ತದೆಯೇ, ‘ಸ್ವಾತಂತ್ರ್ಯ’ ಎಂದು ಬರೆದಾಗ ಕೊನೆಯ ಎರಡು ಒತ್ತುಗಳು ಕೂಡಿಕೊಂಡು ಮಸಿಯ ಮುದ್ದೆಯಾಗುತ್ತವೆಯೇ, ಮನೆಯಲ್ಲಿರುವ ನೋಟ್ ಪುಸ್ತಕದ ಹಾಳೆಯ ಹಿಂಬದಿಗೆ ಇಂಕು ಮೂಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಒಬ್ಬರು ಮೆಚ್ಚಿದ ಪೆನ್ನು ಮತ್ತೊಬ್ಬರ ಕೈಯಲ್ಲಿ ಸಪ್ಪೆಯಾಗುವುದಕ್ಕೂ ಇದೇ ಕಾರಣ. ಒಳ್ಳೆಯತನವು ಪೆನ್ನೊಂದರಲ್ಲೇ ಅಡಗಿರುವ ಗುಣವಲ್ಲ. ಇಂಕು, ಕಾಗದ, ಕೈಯ ಒತ್ತಡ, ಬರೆಯುವ ಲಿಪಿ ಈ ನಾಲ್ಕೂ ಹೊಂದಿಕೊಂಡಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಈ ನಾಲ್ಕರಲ್ಲಿ ಲಿಪಿಯ ವಿಚಾರವನ್ನು ಪೆನ್ನುಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಮರೆಯುತ್ತಾರೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುವುದು ಸೂಕ್ತ.

ಕನ್ನಡದ ಅಕ್ಷರಗಳಲ್ಲಿ ನೇರ ಗೆರೆಗಳು ಕಡಿಮೆ, ಬಾಗುಗಳು ಹೆಚ್ಚು. ‘ಣ’, ‘ಋ’, ‘ಕ್ಷ’ ಮುಂತಾದವನ್ನು ಬರೆಯುವಾಗ ಪೆನ್ನಿನ ಮೊನೆ ಒಂದೇ ಅಕ್ಷರದೊಳಗೆ ಹಲವು ಸಲ ದಿಕ್ಕು ಬದಲಿಸುತ್ತದೆ. ಅದರ ಜೊತೆಗೆ ಮೇಲೆ ತಲೆಕಟ್ಟು ಮತ್ತು ಗುಣಿತದ ಚಿಹ್ನೆಗಳು, ಬಲಕ್ಕೆ ದೀರ್ಘ, ಕೆಳಗೆ ಒತ್ತಕ್ಷರ. ಗೆರೆ ಹಾಕಿದ ಸಾಮಾನ್ಯ ನೋಟ್ ಪುಸ್ತಕದಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಏಳೆಂಟು ಮಿಲಿಮೀಟರು. ಅದರಲ್ಲಿ ಮೂಲ ಅಕ್ಷರಕ್ಕೆ ಮೂರು ಮಿಲಿಮೀಟರು ಹೋಗಿ, ಮೇಲಿನ ಚಿಹ್ನೆಗಳಿಗೂ ಸಾಲುಗಳ ನಡುವಿನ ಬಿಡುವಿಗೂ ಜಾಗ ಬಿಟ್ಟರೆ ಒತ್ತಿಗೆ ಉಳಿಯುವುದು ಒಂದೂವರೆಯಿಂದ ಎರಡು ಮಿಲಿಮೀಟರು. ಗೆರೆಯ ದಪ್ಪ ಅರ್ಧ ಮಿಲಿಮೀಟರು ಇದ್ದರೆ, ಮೂರು ಗೆರೆ ಒಂದರ ಪಕ್ಕ ಒಂದು ಬರುವ ಕಡೆ ಒತ್ತಿನ ಒಳಗಿನ ಬಿಳಿಯ ಜಾಗವೆಲ್ಲ ತುಂಬಿಹೋಗುತ್ತದೆ. ಇಂಗ್ಲಿಷಿನ ದೊಡ್ಡ, ಬಿಡಿ ಅಕ್ಷರಗಳಿಗೆ ಸೊಗಸಾಗಿ ಕಾಣುವ ದಪ್ಪ ಮೊನೆ ಕನ್ನಡದಲ್ಲಿ ಮಂಕಾಗುವುದು ಹೀಗೆ. ಸಾಧಾರಣ ಗಾತ್ರದ ಕೈಬರಹಕ್ಕೆ ಕಾಗದದ ಮೇಲೆ 0.3ರಿಂದ 0.4 ಮಿಲಿಮೀಟರು ದಪ್ಪದ ಗೆರೆ ಬಿಡುವ ಪೆನ್ನು ಕನ್ನಡಕ್ಕೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ದುಂಡಾಗಿ, ದೊಡ್ಡದಾಗಿ ಬರೆಯುವವರು ಇನ್ನೂ ದಪ್ಪದ ಗೆರೆಗೆ ಹೋಗಬಹುದು.

ಆದರೆ ಪೆನ್ನಿನ ಮೇಲೆ ಅಚ್ಚಾಗಿರುವ 0.5, 0.7 ಎಂಬ ಸಂಖ್ಯೆ ಗೆರೆಯ ದಪ್ಪವಲ್ಲ, ಮೊನೆಯಲ್ಲಿ ಕೂತಿರುವ ಗುಂಡಿನ ವ್ಯಾಸ. ಗುಂಡಿನ ಒಂದು ಸಣ್ಣ ಭಾಗ ಮಾತ್ರ ಕಾಗದಕ್ಕೆ ತಾಗುವುದರಿಂದ ಗೆರೆ ಸಾಮಾನ್ಯವಾಗಿ ಆ ಸಂಖ್ಯೆಗಿಂತ ಸಪೂರವಾಗಿರುತ್ತದೆ. ಪೈಲಟ್ ವಿ5 ಪೆನ್ನಿನ ಗುಂಡು 0.5 ಮಿಲಿಮೀಟರು, ಅದು ಬಿಡುವ ಗೆರೆ ಸುಮಾರು 0.3. ಅದೇ ಗಾತ್ರದ ಗುಂಡಿಗೆ ಬೇರೆ ಇಂಕು ಕೊಟ್ಟರೆ, ಅಥವಾ ಇಂಕು ಹೀರುವ ಕಾಗದ ಕೊಟ್ಟರೆ, ಗೆರೆ ಬದಲಾಗುತ್ತದೆ. ಹೀಗಾಗಿ ಸಂಖ್ಯೆಯನ್ನು ನೋಡುವ ಮೊದಲು ಒಳಗಿರುವುದು ಯಾವ ಬಗೆಯ ಇಂಕು ಎಂಬುದನ್ನು ತಿಳಿಯಬೇಕು.

ಬಾಲ್ ಪೆನ್ನಿನೊಳಗೆ ಇರುವುದು ನೀರಲ್ಲ, ಎಣ್ಣೆಯ ಜಾತಿಯ ಗಟ್ಟಿ ಲೇಪ. ಚರ್ಮದ ಮೇಲೆ ಗುರುತು ಹಾಕಲು ಗುಂಡಿನ ಮೊನೆಯ ಸಾಧನವೊಂದಕ್ಕೆ ಅಮೆರಿಕದ ಜಾನ್ ಲೌಡ್ 1888ರಲ್ಲೇ ಪೇಟೆಂಟ್ ಪಡೆದಿದ್ದನಾದರೂ, ಕಾಗದದ ಮೇಲೆ ಅದು ನಡೆಯಲಿಲ್ಲ. ಹಂಗೆರಿಯ ಪತ್ರಕರ್ತ ಲಾಸ್ಲೊ ಬಿರೊ, ರಸಾಯನಶಾಸ್ತ್ರ ಬಲ್ಲ ತನ್ನ ಸಹೋದರನ ನೆರವಿನಿಂದ, ಬೇಗ ಒಣಗುವ ಗಟ್ಟಿ ಇಂಕನ್ನೂ ಅದಕ್ಕೆ ತಕ್ಕ ಗುಂಡನ್ನೂ ಜೊತೆಗೂಡಿಸಿ 1938ರಲ್ಲಿ ಪೇಟೆಂಟ್ ಪಡೆದ. 1950ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬಿಶ್ ಅಗ್ಗದ ಬಿಕ್ ಕ್ರಿಸ್ಟಲ್ ಪೆನ್ನನ್ನು ಮಾರುಕಟ್ಟೆಗೆ ತಂದ ಮೇಲೆ ಬಾಲ್ ಪೆನ್ನು ಎಲ್ಲರ ಜೇಬಿಗೆ ಬಂತು. ನಮ್ಮಲ್ಲಿ ಬಿಳಿ ಮೈ, ನೀಲಿ ಮುಚ್ಚಳದ ರೆನಾಲ್ಡ್ಸ್ 045 ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಈ ಪೆನ್ನಿನ ಕೆಲಸದ ರೀತಿ ಸರಳವಾಗಿದೆ: ಕಾಗದದ ಒರಟಿಗೆ ಸಿಕ್ಕಿ ಗುಂಡು ಉರುಳುತ್ತದೆ, ಉರುಳುವಾಗ ಹಿಂಬದಿಯಿಂದ ಇಂಕನ್ನು ಬಳಿದು ತಂದು ಕಾಗದಕ್ಕೆ ಹಚ್ಚುತ್ತದೆ. ಇದು ತಿಳಿದರೆ ಬಾಲ್ ಪೆನ್ನಿನ ಬಹುಪಾಲು ತಂಟೆಗಳ ಕಾರಣವೂ ತಿಳಿಯುತ್ತದೆ. ನುಣುಪಾದ ಹಾಳೆಯ ಮೇಲೆ, ಅಥವಾ ಅಂಗೈಯ ಜಿಡ್ಡು ತಾಗಿದ ಜಾಗದಲ್ಲಿ, ಗುಂಡು ಉರುಳದೆ ಜಾರುತ್ತದೆ. ಆದ್ದರಿಂದಲೇ ಪುಟದ ಕೆಳತುದಿಗೆ ಬಂದಾಗ ಒಳ್ಳೆಯ ಪೆನ್ನೂ ಮುಷ್ಕರ ಹೂಡುತ್ತದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮೇಲೆ ಮೊನೆ ಮೇಲಾಗಿ ಹಿಡಿದು ಬರೆದರೆ ಇಂಕು ಹಿಂದಕ್ಕೆ ಸರಿದು, ಗುಂಡಿನ ಹಿಂದೆ ಗಾಳಿ ಸೇರಿ, ಆಮೇಲೆ ಮೇಜಿನ ಮೇಲೂ ಅದು ಬರೆಯಲು ಮೊಂಡು ಹಿಡಿಯುತ್ತದೆ.

ಕನ್ನಡ ಬರೆಯುವವರಿಗೆ ಬಾಲ್ ಪೆನ್ನು ಒಡ್ಡುವ ತೊಂದರೆಗಳು ಎರಡು. ಮೊದಲನೆಯದು ಒತ್ತಡ. ಗಟ್ಟಿ ಇಂಕನ್ನು ಹೊರಡಿಸಲು ಕೈ ಒತ್ತಲೇಬೇಕು; ಮೂರು ಗಂಟೆಯ ಪರೀಕ್ಷೆಯಲ್ಲಿ ಹೆಬ್ಬೆರಳಿನ ಬುಡ ನೋಯುವುದಕ್ಕೆ ಇದೇ ಮುಖ್ಯ ಕಾರಣ. ಎರಡನೆಯದು, ಬಾಗುಗಳಲ್ಲಿ ದಿಕ್ಕು ಬದಲಾದಾಗ ಗುಂಡಿನ ಪಕ್ಕದಲ್ಲಿ ಹೆಚ್ಚಾದ ಇಂಕು ಕೂಡಿಕೊಂಡು, ಒಂದು ಹಂತದಲ್ಲಿ ಚುಕ್ಕೆಯಾಗಿ ಕಾಗದಕ್ಕೆ ಅಂಟುವುದು. ಬಾಗುಗಳೇ ತುಂಬಿರುವ ಲಿಪಿಗೆ ಈ ಚುಕ್ಕೆಗಳ ಕಾಟ ಸ್ವಲ್ಪ ಹೆಚ್ಚೇ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಇಂಕು ತೆಳುವಾಗುವುದರಿಂದ ಅದು ಇನ್ನೂ ಎದ್ದು ಕಾಣುತ್ತದೆ. ಇಂಕಿನ ಜಿಗುಟನ್ನು ಕಡಿಮೆ ಮಾಡಿ ಈ ಎರಡನ್ನೂ ತಗ್ಗಿಸುವ ಪ್ರಯತ್ನವಾಗಿ ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಸಂಸ್ಥೆಯ ಯೂನಿ ಜೆಟ್‌ಸ್ಟ್ರೀಮ್ ಬಂತು. ಅದೇ ದಾರಿಯ ಅಗ್ಗದ ಪೆನ್ನುಗಳು ಈಗ ಭಾರತದಲ್ಲೂ ತಯಾರಾಗುತ್ತಿವೆ. ದಿನವೂ ಪುಟಗಟ್ಟಲೆ ಬರೆಯುವವರು, ಇಂಕು ಬೇಗ ಒಣಗಬೇಕೆಂದು ಬಯಸುವ ಎಡಗೈಯವರು ಮೊದಲು ನೋಡಬೇಕಾದದ್ದು ಈ ಬಗೆಯನ್ನೇ ಎಂದು ನಾನು ಹೇಳುತ್ತೇನೆ.

ಜೆಲ್ ಪೆನ್ನಿನ ಕತೆ ಬೇರೆ. 1984ರಲ್ಲಿ ಜಪಾನಿನ ಸಕುರಾ ಸಂಸ್ಥೆ ಹೊರತಂದ ಈ ಇಂಕಿನ ಆಧಾರ ನೀರು. ಅದನ್ನು ಕ್ಸಾಂಥನ್ ಅಂಟಿನಂಥ ವಸ್ತುಗಳಿಂದ ಮಂದಗೊಳಿಸಿರುತ್ತಾರೆ. ಸುಮ್ಮನಿದ್ದಾಗ ಈ ಇಂಕು ಗಟ್ಟಿ. ಗುಂಡು ತಿರುಗಿ ಅದನ್ನು ಕಲಕಿದೊಡನೆ ನೀರಾಗಿ ಹರಿಯುತ್ತದೆ. ಕಾಗದಕ್ಕೆ ತಲುಪಿ ಕಲಕಾಟ ನಿಂತೊಡನೆ ಮತ್ತೆ ಗಟ್ಟಿಯಾಗಿ, ಇದ್ದಲ್ಲೇ ನಿಲ್ಲುತ್ತದೆ. ಸಾಸ್ ಬಾಟಲಿಯನ್ನು ಅಲುಗಾಡಿಸುವವರೆಗೆ ಸಾಸು ಇಳಿಯದಿರುವುದೂ ಇದೇ ಗುಣದಿಂದ. ಹೀಗಾಗಿ ಕೈಗೆ ಶ್ರಮವಿಲ್ಲದೆ ಗಾಢವಾದ, ಏಕರೂಪದ ಗೆರೆ ಸಿಗುತ್ತದೆ, ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪಾರದರ್ಶಕ ರೀಫಿಲ್ಲಿನಲ್ಲಿ ಇಂಕಿನ ಹಿಂದೆ ಕಾಣುವ ಬಣ್ಣವಿಲ್ಲದ ಜಿಡ್ಡಿನ ಬಿರಡೆಯನ್ನು ಅನೇಕರು ಕೆಟ್ಟ ಇಂಕು ಎಂದುಕೊಳ್ಳುತ್ತಾರೆ. ಇಂಕು ಒಣಗದಂತೆ, ಹಿಂದಕ್ಕೆ ಸೋರದಂತೆ ತಡೆಯುತ್ತ, ಇಂಕು ಖರ್ಚಾದಂತೆ ಅದರ ಹಿಂದೆಯೇ ಸಾಗಿ ಬರುವುದು ಅದರ ಕೆಲಸ. ಜೆಲ್ ಪೆನ್ನು ಮೊನೆ ಕೆಳಗಾಗಿ ಬಿದ್ದರೆ ಗುಂಡಿನ ಗೂಡು ನಗ್ಗಿ, ಇಂಕು ಇದ್ದರೂ ಪೆನ್ನು ನಿಂತುಹೋಗುತ್ತದೆ. ಸೂಜಿಯಂಥ ಮೊನೆಯವಕ್ಕೆ ಈ ಅಪಾಯ ಇನ್ನೂ ಹೆಚ್ಚು. ಇಂಕು ಬೇಗ ಮುಗಿಯುವುದು ಇದರ ಇನ್ನೊಂದು ಕೊರತೆ. ವಿ5ನಂಥ ದ್ರವ ಇಂಕಿನ ಪೆನ್ನುಗಳು ಇನ್ನೂ ಹಗುರವಾಗಿ ಓಡುತ್ತವೆಯಾದರೂ, ತೆಳು ಕಾಗದವನ್ನು ತೋಯಿಸಿಬಿಡುತ್ತವೆ.

ಇಂಕ್ ಪೆನ್ನಿನ ವಿಷಯದಲ್ಲಿ ಅಭಿಮಾನವೂ ಭಯವೂ ಅಗತ್ಯಕ್ಕಿಂತ ಹೆಚ್ಚಾಗಿವೆ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ತತ್ತ್ವವೇ ಇಂದಿಗೂ ಅದರಲ್ಲಿ ನಡೆಯುತ್ತಿದೆ. ನಿಬ್ಬಿನ ಅಡಿಯಲ್ಲಿರುವ ಕಪ್ಪು ತುಂಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿದ್ದು, ಅವುಗಳಲ್ಲಿ ಇಂಕು ತಾನಾಗಿ ಸೆಳೆದುಕೊಂಡು ಬರುತ್ತದೆ. ಹೊರಹೋದ ಇಂಕಿನ ಜಾಗಕ್ಕೆ ಅಷ್ಟೇ ಗಾಳಿ ಒಳಬರುತ್ತದೆ. ಈ ಕೊಡುಕೊಳ್ಳುವಿಕೆ ಸಮವಾಗಿದ್ದರೆ ಗೆರೆಯೂ ಸಮ. ನಮ್ಮಲ್ಲಿ ರೂಢಿಯಲ್ಲಿದ್ದ, ಡ್ರಾಪರಿನಿಂದ ಮೈಯೊಳಗೇ ನೇರವಾಗಿ ಇಂಕು ತುಂಬುವ ಪೆನ್ನುಗಳು ಇದ್ದಕ್ಕಿದ್ದಂತೆ ಕಕ್ಕುವುದು ಇಂಕು ಕಡಿಮೆಯಾದಾಗ. ಖಾಲಿ ಜಾಗದ ಗಾಳಿ ಕೈಯ ಬಿಸಿಗೆ ಹಿಗ್ಗಿ, ಉಳಿದ ಇಂಕನ್ನು ಮುಂದಕ್ಕೆ ತಳ್ಳುತ್ತದೆ. ಮೂರನೆಯ ಒಂದು ಪಾಲಿಗಿಂತ ಕೆಳಗೆ ಇಳಿಯಲು ಬಿಡದೆ ತುಂಬುತ್ತಿದ್ದರೆ ಅಂಗಿಯ ಜೇಬು ಉಳಿಯುತ್ತದೆ. ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನುಗಳು ಸ್ವದೇಶಿ ಚಳವಳಿಯ ಕಾಲದಿಂದ ಹೆಸರಾದದ್ದು ಇಂಥ ಕೈಕೆಲಸಕ್ಕೆ. ಇಂಕ್ ಪೆನ್ನಿಗೆ ಒತ್ತಡವೇ ಬೇಡವಾದ್ದರಿಂದ ಬರೆದು ಬರೆದು ಕೈ ನೊಂದವರಿಗೆ ಅದು ನಿಜವಾದ ಪರಿಹಾರ. ಆದರೆ ಬಾಲ್ ಪೆನ್ನಿನಂತೆ ಲಂಬವಾಗಿ ಹಿಡಿಯದೆ, ಸುಮಾರು 45ರಿಂದ 55 ಡಿಗ್ರಿ ಓರೆಯಾಗಿ ಹಿಡಿಯಬೇಕು. ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಜಪಾನಿನ ‘ಫೈನ್’ ನಿಬ್ಬು ಯೂರೋಪಿನ ‘ಫೈನ್’ ನಿಬ್ಬಿಗಿಂತ ಸಾಮಾನ್ಯವಾಗಿ ಒಂದು ಹಂತ ಸಪೂರ. ಚಿಕ್ಕ ಕನ್ನಡ ಅಕ್ಷರಗಳಿಗೆ ಜಪಾನಿನ ಅಳತೆಯೇ ಒಗ್ಗುತ್ತದೆ.

ಇನ್ನು ಕಾಗದ. ಪೆನ್ನಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ನಿಜಕ್ಕೂ ಕಾಗದದ ಮೇಲೆ ಹೊರಿಸಬೇಕಾದವು. ಮಂಡ್ಯ ಜಿಲ್ಲೆಯ ಬೆಳಗೊಳದಲ್ಲಿ ಒಂದು ಕಾಲಕ್ಕೆ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ನಡೆಯುತ್ತಿತ್ತು. ಇಂಥ ಕಾರ್ಖಾನೆಗಳಲ್ಲಿ ಬರವಣಿಗೆಯ ಕಾಗದಕ್ಕೂ ಪತ್ರಿಕೆಯ ಕಾಗದಕ್ಕೂ ವ್ಯತ್ಯಾಸ ತರುವ ಒಂದು ಮುಖ್ಯ ಹಂತ, ನಾರಿಗೆ ಗಂಜಿಯನ್ನೋ ಬೇರೆ ರಾಸಾಯನಿಕವನ್ನೋ ಬೆರೆಸಿ ಅಥವಾ ಸವರಿ, ನೀರನ್ನು ಹೀರದಂತೆ ಮಾಡುವುದು. ಈ ಉಪಚಾರ ಸಾಕಷ್ಟು ಆಗದ ಹಾಳೆಯಲ್ಲಿ ಇಂಕು ನಾರಿನ ಗುಂಟ ಹರಿದು, ಗೆರೆಯ ಅಂಚಿಗೆ ಬೇರು ಬಿಟ್ಟಂತೆ ಕಾಣುತ್ತದೆ. ಹಾಳೆಯ ತೂಕವೂ ಮುಖ್ಯವೇ. ಸಾಧಾರಣ ನೋಟ್ ಪುಸ್ತಕಗಳ ಹಾಳೆ ಚದರ ಮೀಟರಿಗೆ 54ರಿಂದ 60 ಗ್ರಾಂ ತೂಗಿದರೆ, ಜೆರಾಕ್ಸ್ ಅಂಗಡಿಯ ಎ4 ಹಾಳೆ 70ರಿಂದ 80 ಗ್ರಾಂ ಇರುತ್ತದೆ. ಆದರೆ ತೂಕವಿದ್ದ ಮಾತ್ರಕ್ಕೆ ಹಾಳೆ ಒಳ್ಳೆಯದೆನ್ನುವಂತಿಲ್ಲ. ಚೆನ್ನಾಗಿ ಉಪಚರಿಸಿದ 60 ಗ್ರಾಮಿನ ಹಾಳೆ, ಬರೀ ದಪ್ಪಗಿರುವ 80 ಗ್ರಾಮಿನ ಹಾಳೆಗಿಂತ ಇಂಕನ್ನು ಅಂದವಾಗಿ ತಡೆದುಕೊಳ್ಳಬಲ್ಲದು. ಜೂನ್, ಜುಲೈಯ ತೇವದಲ್ಲಿ ಹಾಳೆ ಮೆತ್ತಗಾದಾಗ ಅದೇ ಪುಸ್ತಕದಲ್ಲಿ ಇಂಕು ಹೆಚ್ಚು ಹರಡುವುದನ್ನು ನೋಡಿದರೆ, ಪೆನ್ನನ್ನು ಬೈಯುವ ಮೊದಲು ಯೋಚಿಸಬೇಕೆನಿಸುತ್ತದೆ. ತೆಳು ಹಾಳೆಯೇ ಗತಿಯಾದರೆ ಬಾಲ್ ಪೆನ್ನು ಅಥವಾ 0.5ರ ಜೆಲ್ ಸಾಕು. ಇಂಕ್ ಪೆನ್ನು ಬೇಕೇ ಬೇಕೆನ್ನುವವರು ಪುಸ್ತಕವನ್ನೂ ಬದಲಿಸಬೇಕಾಗುತ್ತದೆ.

ಚಿತ್ರ ಬರೆಯಲು ಬೇಕಾಗುವುದು ಮತ್ತೊಂದು ಗುಣ. ಬರಹಕ್ಕೆ ಗೆರೆ ಒಂದೇ ದಪ್ಪವಿದ್ದರೆ ಅನುಕೂಲ, ಚಿತ್ರಕ್ಕೆ ಅದೇ ಬಡತನವಾಗಬಹುದು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ಹುಣಿಸೆ ಕಡ್ಡಿಯ ಇದ್ದಿಲಿನಿಂದ ಮೊದಲ ರೇಖೆ ಎಳೆದು, ಆಮೇಲೆ ಅಳಿಲಿನ ಕೂದಲಿನ ಸಣ್ಣ ಕುಂಚದಿಂದ ತಿದ್ದುತ್ತಿದ್ದರು. ಆ ಕುಂಚ ಒಂದೇ ಎಳೆತದಲ್ಲಿ ದಪ್ಪವಾಗಿ ಹುಟ್ಟಿ ಕೂದಲಿನಷ್ಟು ಸಣ್ಣಗಾಗಿ ಮುಗಿಯಬಲ್ಲದು. ನಾರಿನ ಮೊನೆಯ ರೇಖಾ ಪೆನ್ನುಗಳಿಗೆ ಅದು ಸಾಧ್ಯವಿಲ್ಲ. ಅವುಗಳಲ್ಲಿ ದಪ್ಪ ಬದಲಿಸಬೇಕಾದರೆ ಪೆನ್ನನ್ನೇ ಬದಲಿಸಬೇಕು. ಅದಕ್ಕಾಗಿಯೇ ಅವು ಸಾಲಾಗಿ ಬರುತ್ತವೆ. ಸಕುರಾದ ಪಿಗ್ಮಾ ಮೈಕ್ರಾನ್‌ನಲ್ಲಿ ‘01’ ಎಂದರೆ 0.25 ಮಿಲಿಮೀಟರು, ‘05’ ಎಂದರೆ 0.45, ಸಂಖ್ಯೆಯನ್ನು ನೇರ ಅಳತೆಯೆಂದು ಓದಬಾರದು. ಎಂಜಿನಿಯರಿಂಗ್ ನಕ್ಷೆಯ ಪೆನ್ನುಗಳಲ್ಲಿ 0.25, 0.35, 0.5, 0.7 ಎಂದು ಪ್ರತಿ ಹಂತಕ್ಕೂ ಸುಮಾರು 1.4 ಪಟ್ಟು ಏರುವ ಕ್ರಮವಿದೆ. ನಕ್ಷೆಯನ್ನು ಎ4ರಿಂದ ಎ3ಗೆ ಹಿಗ್ಗಿಸಿದಾಗ ಗೆರೆಯೂ ಅದೇ ಸಾಲಿನ ಮುಂದಿನ ದಪ್ಪಕ್ಕೆ ಬಂದು ಕೂರಬೇಕೆಂಬುದು ಅದರ ಉದ್ದೇಶ.

ದೇವರಾಜ ಮಾರುಕಟ್ಟೆಯ ಕಮಾನನ್ನೋ ಚಿಕ್ಕ ಗಡಿಯಾರವನ್ನೋ ನಿಂತ ನಿಲುವಿನಲ್ಲಿ ಬರೆದುಕೊಳ್ಳುವವರಿಗೆ ಎರಡು ಪೆನ್ನು ಧಾರಾಳವಾಗಿ ಸಾಕು: ಹತ್ತಿರದ ಅಂಚುಗಳಿಗೆ 0.5ರ ಆಸುಪಾಸಿನದು, ದೂರದ ಕಟ್ಟಡಕ್ಕೂ ನೆರಳಿನ ಗೀಟುಗಳಿಗೂ 0.2ರ ಆಸುಪಾಸಿನದು. ಎಂಟು ಪೆನ್ನುಗಳ ಡಬ್ಬಿ ಕೊಂಡವರು ಅವುಗಳಲ್ಲಿ ಆರನ್ನು ಒಣಗಲು ಬಿಡುವುದೇ ಹೆಚ್ಚು. ಇಲ್ಲಿ ಬಾಲ್ ಪೆನ್ನಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬರಹದಲ್ಲಿ ದೋಷವಾದ ಅದರ ಒತ್ತಡದ ಗುಣವೇ ಚಿತ್ರದಲ್ಲಿ ವರವಾಗುತ್ತದೆ. ಹಗುರವಾಗಿ ಹಿಡಿದರೆ ಪೆನ್ಸಿಲಿನಂತೆ ಬೂದು, ಒತ್ತಿದರೆ ಕಡುಗಪ್ಪು. ನಡುವಿನ ಛಾಯೆಗಳೆಲ್ಲ ಹತ್ತು ರೂಪಾಯಿಯ ಒಂದೇ ಪೆನ್ನಿನಲ್ಲಿ ಸಿಗುತ್ತವೆ. ಜೆಲ್ ಪೆನ್ನಿನಲ್ಲಿ ಈ ಏರಿಳಿತ ಇಲ್ಲವೇ ಇಲ್ಲ. ಚಿತ್ರದ ಮೇಲೆ ನೀರುಬಣ್ಣ ಹಚ್ಚುವವರು ಮಾತ್ರ ವರ್ಣದ್ರವ್ಯದ (ನೀರಿನಲ್ಲಿ ಕರಗದ ಬಣ್ಣದ ಪುಡಿಯ) ಇಂಕಿರುವ ರೇಖಾ ಪೆನ್ನನ್ನೇ ಆರಿಸಿಕೊಂಡು, ಗೆರೆ ಪೂರ್ತಿ ಒಣಗಿದ ಮೇಲೆ ಕುಂಚ ಹಿಡಿಯಬೇಕು. ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ಇಂಡಿಯನ್ ಇಂಕು ಇದಕ್ಕಿಂತ ಕಪ್ಪಾಗಿರುತ್ತದೆಂದು ಅದನ್ನು ಇಂಕ್ ಪೆನ್ನಿಗೆ ತುಂಬಬಾರದು. ಅದರಲ್ಲಿ ಸಾಮಾನ್ಯವಾಗಿ ಇರುವ ಅರಗು ಸಣ್ಣ ಕಾಲುವೆಗಳೊಳಗೆ ಒಣಗಿದರೆ ಪೆನ್ನು ಮತ್ತೆ ತೆರೆಯುವುದಿಲ್ಲ.

ಅಳಿಸಲಾಗದ ಇಂಕು ಎಂದೊಡನೆ ಮೈಸೂರಿನವರಿಗೆ ನೆನಪಾಗುವುದು ಬನ್ನಿಮಂಟಪದ ಕಾರ್ಖಾನೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಆರಂಭವಾಗಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂದು ಹೆಸರಾಗಿರುವ ಈ ಸಂಸ್ಥೆ, 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಇಂಕನ್ನು ಒದಗಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಚರ್ಮದೊಡನೆ ಸೇರಿ ಬೆಳಕಿಗೆ ಕಪ್ಪಾಗುವುದರಿಂದ, ಆ ಚರ್ಮ ಬೆಳೆದು ಉದುರುವವರೆಗೆ ಗುರುತು ಹೋಗುವುದಿಲ್ಲ. ಆದರೆ ಪೆನ್ನಿನ ಇಂಕಿನ ಬಾಳಿಕೆ ಈ ಬಗೆಯದಲ್ಲ. ಅಲ್ಲಿ ಕೇಳಬೇಕಾದದ್ದು ನೀರಿಗೆ ನಿಲ್ಲುತ್ತದೆಯೇ, ಬೆಳಕಿಗೆ ನಿಲ್ಲುತ್ತದೆಯೇ, ಬಿಸಿಗೆ ನಿಲ್ಲುತ್ತದೆಯೇ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳು. ಸಾಮಾನ್ಯ ಬಾಲ್ ಪೆನ್ನಿನ ಬರಹ ನೀರಿಗೆ ಹೆದರುವುದಿಲ್ಲ, ಬಿಸಿಲಿಗೆ ಮಾಸುತ್ತದೆ. ಇಂಕ್ ಪೆನ್ನಿನ ರಾಯಲ್ ಬ್ಲೂ ಎರಡಕ್ಕೂ ಸೋಲುತ್ತದೆ. ವರ್ಣದ್ರವ್ಯದ ಕಪ್ಪು ಇಂಕು ಎರಡಕ್ಕೂ ನಿಲ್ಲುತ್ತದೆ, ಏಕೆಂದರೆ ಅದರ ಮೂಲ ಇಂಗಾಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿರುವಂಥ ತಾಳೆಗರಿಗಳಲ್ಲಿ, ಕಂಟ ಎಂಬ ಚೂಪು ಮೊನೆಯ ಲೋಹದ ಕಡ್ಡಿಯಿಂದ ಕೊರೆದ ಅಕ್ಷರಕ್ಕೆ ತುಂಬುತ್ತಿದ್ದ ದೀಪದ ಮಸಿಯೂ ಇಂಗಾಲವೇ.

ಬಿಸಿಯ ಪ್ರಶ್ನೆ ಬರುವುದು ಉಜ್ಜಿದರೆ ಅಳಿಯುವ ಪೆನ್ನುಗಳಲ್ಲಿ. ಪೈಲಟ್‌ನ ಫ್ರಿಕ್ಸಿಯಾನ್ ಇಂಕು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ತುದಿಯ ರಬ್ಬರು ಉಜ್ಜಿ ಉಂಟುಮಾಡುವುದು ಆ ಬಿಸಿಯನ್ನೇ. ಅದರಲ್ಲಿ ಬರೆದ ಪ್ರಮಾಣಪತ್ರವನ್ನು ಲ್ಯಾಮಿನೇಷನ್‌ಗೆ ಕೊಟ್ಟರೆ ಹಾಳೆ ಬಿಳಿಯಾಗಿ ಹೊರಬರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೂ ಅದೇ ಅಪಾಯ. ಚೆಕ್ಕು, ಅರ್ಜಿ, ಕರಾರುಪತ್ರಗಳ ಹತ್ತಿರಕ್ಕೂ ಈ ಪೆನ್ನನ್ನು ತರಬಾರದು. ದಾಖಲೆಗಳಿಗೆ ತಕ್ಕ ಬಾಲ್ ಪೆನ್ನಿಗೆ ಐಎಸ್‌ಒ 12757-2, ಜೆಲ್ ಪೆನ್ನಿಗೆ ಐಎಸ್‌ಒ 27668-2 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಕೆಲವು ರೀಫಿಲ್ಲುಗಳ ಮೇಲೆ ಆ ಸಂಖ್ಯೆ ಅಚ್ಚಾಗಿರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಪೆನ್ನನ್ನು ಪರೀಕ್ಷಿಸುವುದು ಹೇಗೆ? ಸುರುಳಿ, ಸಹಿಗಳನ್ನು ಬಿಟ್ಟು, ತಾವು ದಿನವೂ ಬಳಸುವ ಪುಸ್ತಕದ ಹಾಳೆಯನ್ನೇ ಜೊತೆಗೆ ಒಯ್ದು, ಅದರ ಮೇಲೆ ‘ಶ್ರೀರಂಗಪಟ್ಟಣ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳನ್ನು ತಮ್ಮ ಎಂದಿನ ಗಾತ್ರದಲ್ಲಿ, ಎಂದಿನ ವೇಗದಲ್ಲಿ ಬರೆಯುವುದು ಉತ್ತಮ. ಮೊದಲ ಪದದಲ್ಲಿ ಬಾಗುಗಳ ಓಟವೂ ಇಂಕಿನ ಚುಕ್ಕೆಗಳೂ ಗೊತ್ತಾಗುತ್ತವೆ. ಉಳಿದೆರಡರಲ್ಲಿ ಒಂದರ ಕೆಳಗೊಂದು ಬರುವ ಒತ್ತುಗಳು ಬಿಡಿಯಾಗಿ ನಿಲ್ಲುತ್ತವೆಯೇ ಎಂಬುದು ತಿಳಿಯುತ್ತದೆ. ಐದು ಎಣಿಸುವಷ್ಟು ಹೊತ್ತು ಬಿಟ್ಟು ಬೆರಳಿನಿಂದ ಒಮ್ಮೆ ಸವರಿ, ಹಾಳೆಯನ್ನು ತಿರುಗಿಸಿ ನೋಡಿದರೆ ಅಂಗಡಿಯಲ್ಲಿ ಆಗಬೇಕಾದ ಪರೀಕ್ಷೆ ಮುಗಿಯಿತು. ನೀರಿನ ಪರೀಕ್ಷೆಯನ್ನು ಮನೆಯಲ್ಲಿ ಒಂದು ಹನಿಯಿಂದ ಮಾಡಿಕೊಳ್ಳಬಹುದು. ಬೆಳಕಿನ ಪರೀಕ್ಷೆಗೆ, ಬರೆದ ಸಾಲಿನ ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಬಳಿ ಕೆಲವು ವಾರ ಇಡಬೇಕು.

ಪೆನ್ನು ಮನಸ್ಸಿಗೆ ಬಂದ ಮೇಲೆ ಅದರ ರೀಫಿಲ್ಲು ಸುಲಭವಾಗಿ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ರೀಫಿಲ್ಲುಗಳ ಉದ್ದವೂ ದಪ್ಪವೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತವೆ. ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋದರೆ ಎರಡನೆಯ ಸಲ ಹೋಗುವುದು ತಪ್ಪುತ್ತದೆ. ಬಾಲ್ ಪೆನ್ನಿನ ರೀಫಿಲ್ಲುಗಳನ್ನು ಬೇಕಾದರೆ ಹೆಚ್ಚಾಗಿ ಕೊಂಡಿಡಬಹುದು. ಜೆಲ್ ರೀಫಿಲ್ಲುಗಳು ಮಾತ್ರ ನೀರಿನ ಆಧಾರದವಾದ್ದರಿಂದ, ಮೊನೆಯ ಮೇಲೆ ಮೇಣದ ಸಣ್ಣ ಚುಕ್ಕೆ ಹಚ್ಚಿ ಕೊಟ್ಟಿದ್ದರೂ ವರ್ಷಗಳು ಕಳೆದಂತೆ ಒಣಗುತ್ತವೆ. ಅವನ್ನು ಆರು ತಿಂಗಳಿಗೆ ಸಾಲುವಷ್ಟೇ ತಂದುಕೊಂಡರೆ ಸಾಕು.